ಕಿಂಡಿಯ ಮುಂದೆ ನಿಂತವನು

"ಗುರುಗಳೇ, ಒಳ್ಳೆಯ ಕೆಲಸ ಮಾಡುವುದಕ್ಕಾಗಿ ಅಧಿಕಾರ ಬಯಸುವುದು ತಪ್ಪೇ?" ಎಂದು ಗುರುಪಾದನೆಂಬ ಶಿಷ್ಯ ಕೇಳಿದ.

ಗುರು ಮಠದ ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. "ಯಾವ ಅಧಿಕಾರವಯ್ಯಾ? ನೆಟ್ಟಗೆ ಹೇಳು. ನೀನು ಸುತ್ತಿ ಬಳಸಿ ಕೇಳಿದರೆ ನಾನೂ ಸುತ್ತಿ ಬಳಸಿ ಹೇಳುತ್ತೇನೆ. ಕೊನೆಗೆ ಇಬ್ಬರಿಗೂ ಊಟ ತಪ್ಪುತ್ತದೆ" ಎಂದರು.

"ಮಠದ ಪಾರುಪತ್ಯ. ಉಗ್ರಾಣ, ಕಟ್ಟಡ, ದಾಸೋಹ ಎಲ್ಲವನ್ನೂ ನೋಡಿಕೊಳ್ಳುವ ಜವಾಬ್ದಾರಿ. ಬರುವ ಹುಣ್ಣಿಮೆಗೆ ಹಿರಿಯರು ಸೇರಿ ಒಬ್ಬನನ್ನು ಆರಿಸುತ್ತಾರಲ್ಲ. ನನ್ನನ್ನು ಆರಿಸಿದರೆ ಮೊದಲ ದಿನವೇ ಒಂದು ಕೆಲಸ ಮಾಡಿಸುವುದಿದೆ. ಬಹಳ ಜರೂರಿನ ಕೆಲಸ."

"ಅದೇನು?"

"ಈಗ ಬೇಡ ಗುರುಗಳೇ. ಈಗ ಬಾಯಿ ಬಿಟ್ಟರೆ ಅದನ್ನು ಕಟ್ಟಿಸಿದ ಹಿರಿಯರಿಗೆ ಮುಖಭಂಗವಾಗುತ್ತದೆ. ಆಮೇಲೆ ನನ್ನನ್ನು ಯಾರು ಆರಿಸುತ್ತಾರೆ?"

"ನಿನ್ನನ್ನು ಬಿಟ್ಟು ಇನ್ನಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ."

ಗುರು ಅವನ ಮುಖವನ್ನೇ ನೋಡಿದರು. ಆಮೇಲೆ, "ಕೂತುಕೋ. ಒಂದು ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಒಂದು ಪಟ್ಟಣ. ಅದರ ಹೆಸರು ಕೇಳಬೇಡ, ಹೇಳಿದರೆ ಅಲ್ಲಿ ನಿನ್ನ ನೆಂಟರಿದ್ದಾರೆ ಎನ್ನುತ್ತೀಯ. ಪಟ್ಟಣದ ಪಕ್ಕಕ್ಕೆ ದೊಡ್ಡ ಕೆರೆ, ಕೆರೆಗೆ ಎತ್ತರದ ಮಣ್ಣಿನ ಏರಿ. ಏರಿಯ ಬುಡಕ್ಕೇ ಅಂಟಿಕೊಂಡಂತೆ ನೇಕಾರರ ಒಂದು ಕೇರಿ. ಜನ ಅದನ್ನು ತಗ್ಗಿನ ಕೇರಿ ಎನ್ನುತ್ತಿದ್ದರು. ಅಲ್ಲಿಯವರದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು.

ಆ ಪಟ್ಟಣಕ್ಕೆ ಒಂದು ನಗರಸಭೆ, ಒಬ್ಬ ಮೇಯರ್. ಮೇಯರನಾಗಿದ್ದವನು ಒಬ್ಬ ಎಣ್ಣೆ ವರ್ತಕ. ಕೆಟ್ಟವನೇನಲ್ಲ. ಊರು ಚೆನ್ನಾಗಿ ಕಾಣಬೇಕು ಎಂಬ ಹುಚ್ಚು ಅವನಿಗೆ. ಕೆರೆ ಯಾವಾಗಲೂ ತುಂಬಿ ತುಳುಕುತ್ತಿದ್ದರೆ ಊರಿಗೇ ಶೋಭೆ ಎಂದು ಹೇಳಿ, ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ಮೇಲೆ ಒಂದು ಸಾಲು ಕಲ್ಲು ಏರಿಸಿದ. ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು. ಒಬ್ಬ ಸದಸ್ಯ ಮಾತ್ರ ಎತ್ತಲಿಲ್ಲ.

ಅವನು ಸಭೆಯಲ್ಲಿ ಕೆರೆಯ ಉಸ್ತುವಾರಿ ನೋಡುತ್ತಿದ್ದವನು. ಅವನ ಅಕ್ಕ ತಗ್ಗಿನ ಕೇರಿಯಲ್ಲೇ ಇದ್ದಳು. ಚಿಕ್ಕಂದಿನಲ್ಲಿ ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಕೋಡಿಗೆ ಕಲ್ಲು ಬಿದ್ದ ವರ್ಷವೇ ಅವಳು, "ತಮ್ಮಾ, ಮಗ್ಗದ ಗುಂಡಿಯಲ್ಲಿ ಕಾಲು ತಣ್ಣಗಾಗುತ್ತದೋ" ಎಂದಳು. ಅವನು ಗುಂಡಿಗೆ ಕೈ ಇಟ್ಟು ನೋಡಿದ. ಮಣ್ಣು ಒದ್ದೆಯಾಗಿತ್ತು.

ಸಭೆಗೆ ಹೋಗಿ ಹೇಳಿದ. ಏರಿ ಇಷ್ಟು ನೀರು ತಡೆಯುವುದಿಲ್ಲ, ಆ ಕಲ್ಲು ತೆಗೆಸಿ ಎಂದ. ಉಳಿದವರು ಮುಸಿಮುಸಿ ನಕ್ಕರು. ಮತ್ತೆ ಹೇಳಿದ, ಮತ್ತೆ ನಕ್ಕರು. ಅವನಿಗೆ ನೀರುಪುಕ್ಕಲ ಎಂದು ಅಡ್ಡಹೆಸರೂ ಬಿತ್ತು. ಅವಧಿ ಮುಗಿಯಿತು, ಸದಸ್ಯತ್ವವೂ ಹೋಯಿತು. ಈಗ ಅವನು ಬರೀ ಮಾಜಿ. ಮಾಜಿಯಾದವನ ಮಾತನ್ನು ಯಾರು ಕೇಳುತ್ತಾರೆ? ಹೇಳು ನೋಡೋಣ. ಮನೆಯಲ್ಲೇ ಕೇಳುವುದಿಲ್ಲ.

ಆಗ ಅವನು ಯೋಚಿಸಿದ. ಮೇಯರನ ಒಂದು ಅಪ್ಪಣೆ ಸಾಕು, ಆ ಕಲ್ಲು ಇಳಿಯುತ್ತದೆ. ಹಾಗಿದ್ದ ಮೇಲೆ ನಾನೇ ಯಾಕೆ ಮೇಯರ್ ಆಗಬಾರದು? ನೋಡು ಗುರುಪಾದ, ಅವನ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ. ಅದನ್ನು ಮರೆಯಬೇಡ. ಅಕ್ಕನ ಒದ್ದೆ ಕಾಲು ನೋಡಿ ಹುಟ್ಟಿದ ಆಸೆ ಅದು.

ಮನೆಮನೆಗೆ ಹೋದ. "ಏರಿ ಒಡೆಯುತ್ತದೆ, ನನ್ನನ್ನು ಆರಿಸಿ, ನಾನು ಉಳಿಸುತ್ತೇನೆ" ಎಂದ. ಜನ ಬಾಗಿಲು ಮುಚ್ಚಿದರು. ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಸಾವಿನ ಮಾತು ಯಾರಿಗೆ ಬೇಕು? ಅವನ ಬೆನ್ನಿಗೆ ನಿಂತಿದ್ದ ಒಬ್ಬ ಎಲೆ ಅಂಗಡಿಯವನು ಒಂದು ದಿನ ಅವನನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದ. "ಸ್ವಾಮಿ, ಹೆದರಿಸಿದರೆ ಜನ ಹತ್ತಿರ ಬರುವುದಿಲ್ಲ. ಮೊದಲು ಗೆದ್ದುಬಿಡಿ. ಆಮೇಲೆ ಕಲ್ಲು ತೆಗೆಸುವಿರಂತೆ. ಅಲ್ಲಿಯ ತನಕ ಆ ಕೆರೆಯ ಸುದ್ದಿ ಎತ್ತಬೇಡಿ."

ಮಾತು ಸರಿ ಎನಿಸಿತು. ಅವನು ಕೆರೆಯ ಸುದ್ದಿ ಬಿಟ್ಟ. ದೀಪದ ಕಂಬದ ಮಾತಾಡಿದ, ರಸ್ತೆಯ ಮಾತಾಡಿದ. ಯಾರಾದರೂ, "ಮತ್ತೆ ಆ ಏರಿ?" ಎಂದರೆ, "ಛೇ, ಗಟ್ಟಿಯಾಗಿದೆ ಬಿಡಿ. ಅಂಥ ಏರಿ ಎಲ್ಲಿದೆ?" ಎಂದು ನಗುತ್ತಿದ್ದ. ಬಾಗಿಲುಗಳು ತೆರೆದುಕೊಂಡವು. ಜನ ಕುಳ್ಳಿರಿಸಿ ಮಜ್ಜಿಗೆ ಕೊಟ್ಟರು. ಗೆದ್ದರೂ ಗೆಲ್ಲಬಹುದು ಎಂದು ಊರಲ್ಲಿ ಮಾತು ಹಬ್ಬಿತು.

ಆಗಿನಿಂದ ಅವನೊಳಗೆ ಇನ್ನೊಂದು ಭಯ ಸೇರಿಕೊಂಡಿತು. ನೀರಿನ ಭಯ ಮೊದಲಿಂದ ಇದ್ದದ್ದು. ಈಗ ಸೋಲಿನ ಭಯವೂ ಬಂತು. ಎರಡೂ ಒಂದೇ ಮನೆಯಲ್ಲಿ ವಾಸವಾಗಿದ್ದವು. ಯಾವುದು ದೊಡ್ಡದು ಎಂದು ಕೇಳಿದ್ದರೆ, ನೀರಿನದೇ ಎಂದು ಅವನು ಆಣೆ ಮಾಡಿ ಹೇಳುತ್ತಿದ್ದ.

ಮತದ ಮುಂಚಿನ ದಿನ ಅಕ್ಕನನ್ನು ನೋಡಲು ಹೋದ. ಅವಳ ಕಾಲು ಊದಿಕೊಂಡಿತ್ತು, ಗೋಡೆ ಹಿಡಿದು ನಡೆಯುತ್ತಿದ್ದಳು. "ಗುಂಡಿಯಲ್ಲಿ ನೀರು ನಿಂತುಬಿಟ್ಟಿದೆ ತಮ್ಮಾ. ನನಗೆ ಯಾಕೋ ಹೆದರಿಕೆ ಆಗುತ್ತದೆ. ಮಗ್ಗ ಹಾಳಾಗಿ ಹೋಗಲಿ, ಮೇಲಿನ ಕೇರಿಯ ಛತ್ರಕ್ಕೆ ಹೋಗಿ ಇದ್ದುಬಿಡಲೇ?" ಎಂದು ಕೇಳಿದಳು.

"ನೀನು ಗಂಟುಮೂಟೆ ಕಟ್ಟಿದರೆ ಕೇರಿಯೇ ಎದ್ದು ಹೊರಡುತ್ತದೆ ಅಕ್ಕ. ಊರೆಲ್ಲ ಗಾಬರಿಯಾಗುತ್ತದೆ. ಮತ್ತೆ ನನ್ನದೇ ಕಿತಾಪತಿ ಎನ್ನುತ್ತಾರೆ. ನಾಳೆ ಒಂದು ದಿನ ತಡಿ. ಗೆದ್ದ ಕೂಡಲೇ ಮೊದಲ ಅಪ್ಪಣೆ ಆ ಕಲ್ಲಿನದೇ" ಎಂದ.

ಅಕ್ಕ ಸರಿ ಎಂದಳು. ಸಾಕಿದ ತಮ್ಮನ ಮಾತಲ್ಲವೇ.

ಇನ್ನು ಆ ಊರಿನ ಮತ ಹೇಗೆ ಎಂದು ಹೇಳಬೇಕು. ನಮ್ಮ ಹಾಗೆ ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ. ತಗ್ಗಿನ ಕೇರಿಯ ಎದುರಿಗೆ ದಿಬ್ಬದ ಮೇಲೆ ಒಂದು ಕಲ್ಲಿನ ಮಂಟಪ. ಅದರ ಒಂದು ಗೋಡೆಯಲ್ಲಿ ಎರಡು ಕಿಂಡಿ, ಒಂದೊಂದೂ ಮನುಷ್ಯನ ಮುಖ ಹಿಡಿಸುವಷ್ಟು. ಸ್ಪರ್ಧೆಗೆ ನಿಂತ ಇಬ್ಬರೂ ಒಂದೊಂದು ಕಿಂಡಿಗೆ ಮುಖ ಕೊಟ್ಟು, ಜನರಿಗೆ ಬೆನ್ನು ಮಾಡಿ ನಿಲ್ಲಬೇಕು. ಜನ ಬಂದು ತಮಗೆ ಬೇಕಾದವನ ಹಿಂದೆ ನಿಲ್ಲುತ್ತಾರೆ. ಯಾರ ಹಿಂದೆ ಯಾರು ನಿಂತರು ಎಂದು ಇವರಿಗೆ ಕಾಣಬಾರದು. ಕಂಡರೆ ನಾಳೆ ಹಗೆ ಸಾಧಿಸುತ್ತಾರಲ್ಲ, ಅದಕ್ಕೆ. ಎಲ್ಲರೂ ನಿಂತಾದ ಮೇಲೆ ಹಿರಿಯನೊಬ್ಬ ನಗಾರಿ ಹೊಡೆಯುತ್ತಾನೆ. ಅದಕ್ಕೆ ಮುಂಚೆ ತಿರುಗಿದವನು ಸೋತ. ಬಾಯಿ ತೆರೆದವನೂ ಸೋತ. ಹಿಂದೆ ಯಾರೋ ಒಬ್ಬ ಕಿಂಡಿಯ ಮುಂದೆ ನಿಂತೇ ಅಳುತ್ತ ಬೇಡಿಕೊಂಡಿದ್ದನಂತೆ. ಆಗ ಮಾಡಿದ ಕಟ್ಟಳೆ ಅದು.

ಆ ಕಿಂಡಿಗಳಿಂದ ಕಾಣುವುದು ಏನು ಗೊತ್ತೇ? ಕೆಳಗೆ ತಗ್ಗಿನ ಕೇರಿಯ ಮಾಡುಗಳು, ಅದರಾಚೆ ಕೆರೆಯ ಏರಿ. ಊರಾಳುವವನ ಕಣ್ಣು ಕೆರೆಯ ಮೇಲಿರಲಿ ಎಂದು ಹಿರಿಯರು ಬೇಕೆಂದೇ ಹಾಗೆ ಕಟ್ಟಿಸಿದ್ದರು. ಹಿಂದೆ ನಿಂತವರಿಗೆ ಬರೀ ಗೋಡೆ ಕಾಣುತ್ತದೆ. ಮತ್ತೆ ಎರಡು ಬೆನ್ನು.

ಮತದ ದಿನ ಬಂತು. ವರ್ತಕ ಒಂದು ಕಿಂಡಿಗೆ ನಿಂತ, ಮಾಜಿ ಸದಸ್ಯ ಇನ್ನೊಂದಕ್ಕೆ. ತಗ್ಗಿನ ಕೇರಿಯ ಹೆಂಗಸರೂ ಮತಕ್ಕೆ ಬಂದಿದ್ದರು. ತೊಟ್ಟಿಲ ಕೂಸುಗಳನ್ನು ಮಾಜಿ ಸದಸ್ಯನ ಅಕ್ಕನ ಮನೆಯಲ್ಲಿ ಬಿಟ್ಟು ಬಂದಿದ್ದರು. ಕಾಲು ಊದಿದವಳು ಹೇಗೂ ದಿಬ್ಬ ಹತ್ತಲಾರಳು, ಮಕ್ಕಳನ್ನಾದರೂ ನೋಡಿಕೊಳ್ಳಲಿ ಎಂದು.

ಅವನು ಕಿಂಡಿಯಲ್ಲಿ ಮುಖ ಇಟ್ಟ ಕೂಡಲೇ ಏರಿಯನ್ನು ನೋಡಿದ. ಬುಡದಲ್ಲಿ ಒಂದು ಕಡೆ ಮಣ್ಣು ಕಪ್ಪಗಿತ್ತು. ಒದ್ದೆ. ಅದು ಹೊಸದೇನಲ್ಲ ಎಂದುಕೊಂಡ. ಹಿಂದೆ ಹೆಜ್ಜೆ ಸಪ್ಪಳ ಶುರುವಾಯಿತು. ಯಾರದೋ ಕೆಮ್ಮು, ಬಳೆಯ ಸದ್ದು. ಅವನ ಕಿವಿ ಹಿಂದೆ, ಕಣ್ಣು ಮುಂದೆ. ಒಂದಷ್ಟು ಹೆಜ್ಜೆಗಳು ಹತ್ತಿರ ಬಂದು ನಿಂತವು. ಮತ್ತೆ ಕೆಲವು ಹೆಜ್ಜೆಗಳು ಅವನ ಹಿಂದಿನಿಂದ ಎದ್ದು ವರ್ತಕನ ಕಡೆ ಹೋದ ಹಾಗಾಯಿತು.

ಕಪ್ಪು ಜಾಗ ಮಿಂಚತೊಡಗಿತು. ಅಲ್ಲಿಂದ ಒಂದು ಎಳೆ ನೀರು ಇಳಿಯಿತು. ತಿಳಿ ನೀರು. ತಿಳಿ ನೀರಿಗೆ ಹೆದರಬೇಕಾಗಿಲ್ಲ, ಎಲ್ಲ ಏರಿಯೂ ಅಷ್ಟಿಷ್ಟು ಜಿನುಗುತ್ತದೆ, ಅದು ಅವನಿಗೆ ಗೊತ್ತಿತ್ತು. ನೀರು ಕೆಂಪಾದರೆ ಮಾತ್ರ ಹೆದರಬೇಕು. ಕೆಂಪಾಯಿತು ಎಂದರೆ ನೀರು ಏರಿಯ ಮಣ್ಣನ್ನೇ ತಿಂದುಕೊಂಡು ಬರುತ್ತಿದೆ ಎಂದರ್ಥ. ದೇವರೇ, ತಿಳಿಯಾಗಿಯೇ ಇರಲಿ ಎಂದು ಬೇಡಿಕೊಂಡ.

ಅಷ್ಟರಲ್ಲಿ ಹಿಂದಿನಿಂದ ಒಂದು ವಾಸನೆ ಬಂತು. ನೂಲಿಗೆ ಹಚ್ಚುವ ಗಂಜಿಯ ವಾಸನೆ. ಅದು ಅಕ್ಕನ ಸೀರೆಯ ವಾಸನೆ, ಅವನು ಹುಟ್ಟಿದಾಗಿನಿಂದ ಮೂಗಿಗೆ ಗೊತ್ತು. ತಗ್ಗಿನ ಕೇರಿಯ ಹೆಂಗಸರು ಅವನ ಹಿಂದೆ ಬಂದು ನಿಂತಿದ್ದರು. ಗೆದ್ದೆ ಎನಿಸಿತು.

ನೀರು ಕೆಂಪಾಯಿತು.

ಕಣ್ಣು ಮಂಜಾಗಿರಬೇಕು ಎಂದುಕೊಂಡು ರೆಪ್ಪೆ ಬಡಿದ. ಕೆಂಪೇ. ಎಳೆ ಈಗ ತೋಳಿನ ಗಾತ್ರವಾಗಿತ್ತು. ಅದರ ಕೆಳಗೇ ಅಕ್ಕನ ಮಾಡು. ಮಾಡಿನ ಕೆಳಗೆ ತೊಟ್ಟಿಲುಗಳು.

ಕೂಗಬೇಕು. ಕೂಗಿದರೆ ಸೋತ. ಸೋತರೆ ವರ್ತಕನೇ ಮೇಯರ್, ಆ ಕಲ್ಲು ಎಂದೆಂದಿಗೂ ಇಳಿಯುವುದಿಲ್ಲ. ಇನ್ನೇನು ನಗಾರಿ ಹೊಡೆದುಬಿಡುತ್ತಾರೆ. ಹೊಡೆದ ಕ್ಷಣವೇ ತಿರುಗಿ ಕೂಗುತ್ತೇನೆ, ಮೇಯರನ ಮಾತು ಎಂದರೆ ಎಲ್ಲರೂ ಓಡುತ್ತಾರೆ. ಸ್ವಲ್ಪ ತಡೆದರೆ ಎಲ್ಲವೂ ಉಳಿಯುತ್ತದೆ. ಹೀಗೆ ಯೋಚಿಸಿದ. ಕೇಳಿದರೆ ಎಷ್ಟು ಸರಿಯಾಗಿದೆ ನೋಡು. ಭಯ ಯಾವಾಗಲೂ ಲೆಕ್ಕಾಚಾರದ ಹಾಗೆಯೇ ಮಾತಾಡುತ್ತದೆ.

ನಗಾರಿ ಬೀಳಲಿಲ್ಲ. ಹಿಂದೆ ಯಾರೋ ಗಂಡಹೆಂಡಿರು ಯಾರ ಹಿಂದೆ ನಿಲ್ಲುವುದು ಎಂದು ಜಗಳವಾಡುತ್ತಿದ್ದರು. ಜನ ನಗುತ್ತಿದ್ದರು. ಹಿರಿಯನೂ ನಗುತ್ತ ಕಾಯುತ್ತಿದ್ದ.

ಆಗ ಅವನಿಗೆ ಪಕ್ಕದ ಕಿಂಡಿಯಿಂದ ಉಸಿರಿನ ಸದ್ದು ಕೇಳಿಸಿತು. ವರ್ತಕ ಏದುಸಿರು ಬಿಡುತ್ತಿದ್ದ. ಅವನೂ ಕಂಡಿದ್ದ. ಅವನ ಕಿಂಡಿಯಿಂದಲೂ ಕಾಣುವುದು ಅದೇ ಏರಿಯಲ್ಲವೇ.

ಮಾಜಿ ಸದಸ್ಯನ ಮನಸ್ಸಿಗೆ ಬಂದದ್ದು ಇಷ್ಟೇ. ಅವನೇ ತಿರುಗಲಿ. ಅವನು ಕೂಗಿದರೆ ಕೇರಿಯೂ ಉಳಿಯುತ್ತದೆ, ನಾನೂ ಗೆಲ್ಲುತ್ತೇನೆ. ಕೂಗಯ್ಯಾ, ಕೂಗಿಬಿಡು.

ವರ್ತಕನೂ ಅದನ್ನೇ ಯೋಚಿಸುತ್ತಿದ್ದ.

ಇಬ್ಬರೂ ನಿಂತಿದ್ದರು. ಎದುರಿಗೆ ಏರಿಯ ಮಣ್ಣು ಹೆಂಟೆಹೆಂಟೆಯಾಗಿ ಕಳಚಿ ಬೀಳುತ್ತಿತ್ತು. ಹಿಂದೆ ಜನ ಎರಡು ಬೆನ್ನುಗಳನ್ನು ನೋಡುತ್ತ, ಎಷ್ಟು ಗಂಭೀರವಾಗಿ ನಿಂತಿದ್ದಾರೆ ಎಂದು ಮೆಚ್ಚುತ್ತಿದ್ದರು.

ಕೊನೆಗೆ ಅಕ್ಕ ಮನೆಯ ಬಾಗಿಲಿಗೆ ಬಂದದ್ದು ಕಿಂಡಿಯಿಂದ ಕಾಣಿಸಿತು. ಗೋಡೆ ಹಿಡಿದುಕೊಂಡು ಕಾಲ ಕೆಳಗಿನ ನೀರನ್ನು ನೋಡಿದಳು. ಆಮೇಲೆ ತಲೆಯೆತ್ತಿ ಮಂಟಪದ ಕಡೆ ನೋಡಿದಳು.

ಅವನು ತಿರುಗಿದ. "ಏರಿ ಒಡೆಯಿತು, ಮಕ್ಕಳು" ಎಂದು ಕೂಗಿದ.

ಹಿರಿಯ ನಗಾರಿಯ ಕೋಲು ಕೆಳಗಿಟ್ಟು, "ತಿರುಗಿದ. ಸೋತ" ಎಂದ. ಕೆಲವರು ನಕ್ಕರು. "ನೀರುಪುಕ್ಕಲನಿಗೆ ಮತ್ತೆ ಶುರುವಾಯಿತು" ಎಂದ ಒಬ್ಬ. "ಏರಿ ಗಟ್ಟಿಯಾಗಿದೆ ಎಂದು ನೀನೇ ಹೇಳಿದೆಯಲ್ಲಪ್ಪ" ಎಂದ ಇನ್ನೊಬ್ಬ. ಜನ ಅಲ್ಲಾಡಲಿಲ್ಲ. ಅವನ ಮಾತನ್ನು ಅವನೇ ಕೆಡಿಸಿಟ್ಟಿದ್ದ.

ತಾಯಂದಿರು ಮಾತ್ರ ಕ್ಷಣವೂ ಕಾಯಲಿಲ್ಲ. ಸೀರೆ ಎತ್ತಿಕಟ್ಟಿ ದಿಬ್ಬ ಇಳಿದು ಓಡಿದರು. ಅವನೂ ಓಡಿದ. ಅವರನ್ನು ನೋಡಿದ ಮೇಲೆ ಗಂಡಸರಿಗೂ ಕಾಲು ಬಂತು. ಕೇರಿಯಲ್ಲಿ ಮೊಣಕಾಲುದ್ದ ನೀರು. ಅಕ್ಕ ಬಾಗಿಲಲ್ಲಿ ನಿಂತು ಒಂದೊಂದೇ ಕೂಸನ್ನು ಎತ್ತಿ ಎತ್ತಿ ಕೊಟ್ಟಳು. ತಾಯಂದಿರು ಇಸಿದುಕೊಂಡು ದಿಬ್ಬದ ಕಡೆ ಓಡಿದರು. ಎಲ್ಲ ಮಕ್ಕಳೂ ಹೊರಗೆ ಬಂದವು. ಅವನು ಜನರನ್ನು ನೂಕಿಕೊಂಡು ಅಕ್ಕನ ಬಾಗಿಲಿಗೆ ಹೋಗುತ್ತಿದ್ದ, ಇನ್ನೇನು ಕೈ ಸಿಗಬೇಕು. ಆಗ ಏರಿ ಬಾಯಿ ಬಿಟ್ಟಿತು.

ಅವನನ್ನು ಯಾರೋ ಹಗ್ಗ ಎಸೆದು ಎಳೆದುಕೊಂಡರು. ಅಕ್ಕ ಸಿಕ್ಕಲಿಲ್ಲ. ನೀರು ಇಳಿದ ಮೇಲೆ ಸಿಕ್ಕಳು.

ಕಟ್ಟಳೆಯ ಪ್ರಕಾರ ತಿರುಗದೆ ನಿಂತವನೇ ಮೇಯರ್. ವರ್ತಕ ಮೊದಲ ಅಪ್ಪಣೆಯಾಗಿ ಕೋಡಿಯ ಕಲ್ಲು ತೆಗೆಸಿದ. ಆಗ ಕೆರೆಯಲ್ಲಿ ನೀರೇ ಇರಲಿಲ್ಲ.

ಊರಿನವರು ಮಾಜಿ ಸದಸ್ಯನ ಮನೆಗೆ ಬಂದರು. ಕೈ ಮುಗಿದರು. "ನೀನು ಮಹಾನುಭಾವ. ಕಂಡ ಕ್ಷಣವೇ ಮೇಯರ್ ಪದವಿಯನ್ನು ಬಿಸಾಡಿ ಕೂಗಿದೆ. ನಮ್ಮ ಮಕ್ಕಳನ್ನು ಉಳಿಸಿದೆ" ಎಂದರು. ತಾಯಂದಿರು ಮಕ್ಕಳನ್ನು ತಂದು ಅವನ ಕಾಲ ಬಳಿ ಮಲಗಿಸಿದರು. ಮುಂದಿನ ಸಲ ನೀನೇ ನಿಲ್ಲಬೇಕು, ಊರೆಲ್ಲ ನಿನ್ನ ಹಿಂದೆ ನಿಲ್ಲುತ್ತದೆ ಎಂದರು. ಅವನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಬೇಡ ಎಂದು ತಲೆಯಾಡಿಸಿದ, ಅಷ್ಟೇ.

ನೀರು ಕೆಂಪಾದ ಮೇಲೆ ಅವನು ಎಷ್ಟು ಹೊತ್ತು ನಿಂತಿದ್ದ ಎಂಬುದು ಆ ಜನರಿಗೆ ಗೊತ್ತಿಲ್ಲ. ಅವರು ಕಂಡದ್ದು ಬೆನ್ನನ್ನು. ಗೊತ್ತಿದ್ದವನು ಊರಲ್ಲಿ ಇನ್ನೊಬ್ಬನೇ. ಆ ವರ್ತಕ. ಬೀದಿಯಲ್ಲಿ ಎದುರಾದರೆ ಇಬ್ಬರೂ ತಲೆ ತಗ್ಗಿಸಿ ಪಕ್ಕದ ಓಣಿಗೆ ತಿರುಗುತ್ತಿದ್ದರು. ಸಾಯುವ ತನಕ ಅವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾಜಿ ಸದಸ್ಯ ತನ್ನ ಮನೆಯ ಕಿಟಕಿಗಳಿಗೆಲ್ಲ ಇಟ್ಟಿಗೆ ಕಟ್ಟಿಸಿಕೊಂಡ ಎಂದು ಹೇಳುತ್ತಾರೆ. ಇರಬಹುದು.

ಗುರು ಕತೆ ನಿಲ್ಲಿಸಿದರು.

"ಪಾಪ. ಅವನ ಉದ್ದೇಶ ಒಳ್ಳೆಯದಿತ್ತು ಗುರುಗಳೇ" ಎಂದ ಗುರುಪಾದ.

"ಬಹಳ ಒಳ್ಳೆಯದಿತ್ತು" ಎಂದರು ಗುರು.

ಅಷ್ಟರಲ್ಲಿ ದಾಸೋಹದ ಗಂಟೆ ಬಾರಿಸಿತು. ದೂರದ ಊರುಗಳಿಂದ ಬಂದಿದ್ದ ಜನ ಕಾಲು ತೊಳೆದುಕೊಂಡು ಹೊಸದಾಗಿ ಕಟ್ಟಿಸಿದ ಊಟದ ಮನೆಯೊಳಕ್ಕೆ ಹೋಗತೊಡಗಿದರು. ಕಂಕುಳಲ್ಲಿ ಕೂಸಿದ್ದ ಹೆಂಗಸೊಬ್ಬಳು ನಡುವಿನ ಸಾಲಿನಲ್ಲಿ ಜಾಗ ಹಿಡಿದು ಕೂತಳು. ಗುರು ಮೊಣಕಾಲು ಹಿಡಿದು ಎದ್ದರು. "ನಡೆಯಯ್ಯಾ, ಹಸಿವಾಗಿದೆ. ನಾವೂ ಕೂರೋಣ" ಎಂದು ಆ ಕಡೆ ಹೆಜ್ಜೆ ಇಟ್ಟರು.

ಗುರುಪಾದ ಏಳಲಿಲ್ಲ. ಅವನ ಕೈ ಮಾತ್ರ ಚಾಚಿ ಗುರುವಿನ ಕಾವಿ ಬಟ್ಟೆಯ ಅಂಚನ್ನು ಹಿಡಿದುಕೊಂಡಿತು. ಕಣ್ಣು ಊಟದ ಮನೆಯ ನಡುತೊಲೆಯ ಮೇಲಿತ್ತು. ಆ ತೊಲೆ ಸೀಳಿರುವುದು ಅವನೊಬ್ಬನಿಗೇ ಗೊತ್ತಿತ್ತು.

ಗುರು ನಿಂತರು. ಹಿಡಿದ ಕೈಯನ್ನು ನೋಡಿದರು, ಅವನ ಕಣ್ಣು ಹೋದ ಕಡೆ ನೋಡಿದರು.

"ಮೊದಲ ದಿನ ಮಾಡಿಸಬೇಕೆಂದಿದ್ದ ಆ ಕೆಲಸವನ್ನು ಅವರು ತುತ್ತು ಎತ್ತುವ ಮೊದಲು ಹೇಳುತ್ತೀಯೋ, ಹುಣ್ಣಿಮೆ ಆದ ಮೇಲೋ?"